ಕೂಡುವ ಗೆರೆಯಲ್ಲಿ ಕಾದಿರುವ ತೊಡಕು: ಏರ್‌ಬಸ್ ವಿಮಾನದ ಜೋಡಣೆಯ ಬಗ್ಗೆ ಒಂದು ಉಪನ್ಯಾಸ

ಏರ್‌ಬಸ್ಸನ್ನು ವಿಮಾನ ತಯಾರಿಸುವ ಕಂಪನಿ ಎಂದು ಕರೆಯುವುದು ರೂಢಿ. ಆದರೆ ಫ್ರಾನ್ಸಿನ ತೂಲೂಸ್‌ನಲ್ಲಿರುವ ಅದರ ಅಂತಿಮ ಜೋಡಣೆಯ ಶೆಡ್ಡಿನಲ್ಲಿ ತಯಾರಾಗುವ ವಸ್ತು ಬಹಳ ಕಡಿಮೆ. ಅಲ್ಲಿಗೆ ಎಲ್ಲವೂ ಆಗಿಯೇ ಬಂದಿರುತ್ತದೆ. ಎ320 ವಿಮಾನವನ್ನೇ ತೆಗೆದುಕೊಳ್ಳಿ. ಒಡಲಿನ ಮುಂಭಾಗ ಫ್ರಾನ್ಸಿನ ಸೇಂಟ್ ನಜೇರ್‌ನಿಂದ, ಹಿಂಭಾಗ ಜರ್ಮನಿಯ ಹ್ಯಾಂಬರ್ಗ್‌ನಿಂದ, ರೆಕ್ಕೆಗಳು ವೇಲ್ಸ್‌ನ ಬ್ರೌಟನ್‌ನಿಂದ, ಬಾಲದ ನಿಂತ ರೆಕ್ಕೆ ಜರ್ಮನಿಯ ಷ್ಟಾಡೆಯಿಂದ, ಮಲಗಿದ ರೆಕ್ಕೆ ಸ್ಪೇನಿನ ಹೆತಾಫೆಯಿಂದ. ಎಂಜಿನ್ ಅಂತೂ ಬೇರೆಯದೇ ಕಂಪನಿಯದು. ಶೆಡ್ಡಿನಲ್ಲಿ ನಡೆಯುವುದು ಕೂಡಿಸುವ ಕೆಲಸ. ಈ ಕಂಪನಿಯ ಐವತ್ತು ಚಿಲ್ಲರೆ ವರ್ಷಗಳ ದೊಡ್ಡ ತೊಂದರೆಗಳನ್ನು ಒಂದೊಂದಾಗಿ ಬಿಚ್ಚಿದರೆ, ಹೆಚ್ಚಿನವು ಒಂದು ಭಾಗ ಇನ್ನೊಂದಕ್ಕೆ ತಾಗುವ ಜಾಗದಲ್ಲೇ ಸಿಗುತ್ತವೆ. ಆ ಜಾಗ ತಗಡಿನ ಅಂಚಾಗಿರಬಹುದು, ತಂತಿಯ ತುದಿಯಾಗಿರಬಹುದು, ಬಣ್ಣದ ಪದರವಾಗಿರಬಹುದು, ಕಂಪ್ಯೂಟರಿನೊಳಗಿನ ಒಂದು ಲೆಕ್ಕವೂ ಆಗಿರಬಹುದು. ಇವತ್ತಿನ ಮಾತು ಅದರ ಬಗ್ಗೆ.

ಭಾಗಗಳು ಹೀಗೆ ಚದುರಿದ್ದಕ್ಕೆ ಕಾರಣ ಎಂಜಿನಿಯರಿಂಗ್ ಅಲ್ಲ, ರಾಜಕೀಯ. 1969ರ ಮೇ 29ರಂದು ಪ್ಯಾರಿಸ್ ಬಳಿಯ ಲ ಬೂರ್ಜೆಯಲ್ಲಿ ಫ್ರಾನ್ಸ್ ಮತ್ತು ಪಶ್ಚಿಮ ಜರ್ಮನಿಯ ಮಂತ್ರಿಗಳು ಎ300 ವಿಮಾನಕ್ಕಾಗಿ ಒಪ್ಪಂದಕ್ಕೆ ಸಹಿ ಹಾಕಿದರು. ಅಷ್ಟರಲ್ಲಿ ಬ್ರಿಟಿಷ್ ಸರ್ಕಾರ ಹಿಂದೆ ಸರಿದಿತ್ತು. ಆದರೆ ರೆಕ್ಕೆ ವಿನ್ಯಾಸದಲ್ಲಿ ಪಳಗಿದ್ದ ಹಾಕರ್ ಸಿಡ್ಲಿ ಕಂಪನಿ ಸ್ವಂತ ಹಣ ಹಾಕಿ ಉಳಿದುಕೊಂಡಿತು. ಇಂದಿಗೂ ರೆಕ್ಕೆಗಳು ವೇಲ್ಸ್‌ನಿಂದ ಬರುವುದು ಆ ನಿರ್ಧಾರದ ಮುಂದುವರಿಕೆ. 1970ರ ಡಿಸೆಂಬರ್‌ನಲ್ಲಿ ಏರ್‌ಬಸ್ ಇಂಡಸ್ಟ್ರೀ ಹುಟ್ಟಿತು. ಅದು ಆಗ ಕಂಪನಿಯೇ ಅಲ್ಲ, ಫ್ರೆಂಚ್ ಕಾನೂನಿನಡಿ ಪಾಲುದಾರರು ಸೇರಿ ನಡೆಸುವ ಒಂದು ಒಕ್ಕೂಟ. ಸ್ಪೇನಿನ ಕಾಸಾ 1971ರಲ್ಲಿ ಸೇರಿತು, ಬ್ರಿಟಿಷ್ ಏರೋಸ್ಪೇಸ್ 1979ರಲ್ಲಿ ಶೇ. 20 ಪಾಲಿನೊಂದಿಗೆ ಬಂತು. ಹಣ ಹಾಕಿದ ದೇಶಕ್ಕೆ ಆ ಅಳತೆಯ ಕೆಲಸ ಸಿಗಬೇಕು ಎಂಬುದು ಒಳಗಿನ ಒಪ್ಪಂದ. ಪಾಲುದಾರರು ಒಂದೇ ಕಂಪನಿಯ ಸೂರಿನಡಿ ಬಂದದ್ದು 2000-2001ರ ಹೊತ್ತಿಗೆ. ಮೂವತ್ತು ವರ್ಷ ಬೇರೆ ಬೇರೆ ಅಡುಗೆಮನೆಗಳಿದ್ದು ಆಮೇಲೆ ಒಲೆ ಒಂದಾಯಿತು. ಅಡುಗೆಯವರ ಕೈ ಮಾತ್ರ ಬೇರೆಬೇರೆಯಾಗಿಯೇ ಉಳಿಯಿತು. ಎ380 ಎಂಬ ದೈತ್ಯ ವಿಮಾನದ ಕತೆಗೆ ಬಂದಾಗ ಇದು ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ.

ಸಾಗಾಟದ ವಿಷಯವನ್ನು ಬೇಗ ಮುಗಿಸುತ್ತೇನೆ. ಮೊದಲ ದಿನಗಳಲ್ಲಿ ಭಾಗಗಳನ್ನು ಹೊತ್ತು ತಂದದ್ದು ಸೂಪರ್ ಗಪ್ಪಿ ಎಂಬ ಊದಿಕೊಂಡ ವಿಮಾನ. ಅದು ಪ್ರತಿಸ್ಪರ್ಧಿ ಬೋಯಿಂಗ್‌ನ ಹಳೆಯ ಸ್ಟ್ರ್ಯಾಟೋಕ್ರೂಸರ್ ಅನ್ನು ಬದಲಿಸಿ ಮಾಡಿದ್ದು ಎಂಬುದು ತಮಾಷೆಯ ಸಂಗತಿ. ಅದರ ಮೂಗನ್ನು ಕಾಕ್‌ಪಿಟ್ ಸಮೇತ ಪಕ್ಕಕ್ಕೆ ತಿರುಗಿಸಿ ಸಾಮಾನು ತುಂಬಬೇಕಿತ್ತು. ಆಮೇಲೆ ಬಂದ ಬೆಲುಗಾದಲ್ಲಿ ಕಾಕ್‌ಪಿಟ್ಟನ್ನು ಸಾಮಾನಿನ ನೆಲಕ್ಕಿಂತ ಕೆಳಗಿಟ್ಟರು. ಹಾಗಾಗಿ ಬಾಗಿಲು ಅದರ ತಲೆಯ ಮೇಲೆ ತೆರೆಯುತ್ತದೆ, ನಿಯಂತ್ರಣದ ಸಂಪರ್ಕಗಳನ್ನು ಪ್ರತಿ ಸಲ ಕಳಚುವ ಗೋಜಿಲ್ಲ. 2020ರಲ್ಲಿ ಕೆಲಸಕ್ಕಿಳಿದ ಬೆಲುಗಾ ಎಕ್ಸ್‌ಎಲ್ ಎ350ರ ಎರಡು ರೆಕ್ಕೆಗಳನ್ನು ಒಟ್ಟಿಗೆ ಹೊರುತ್ತದೆ, ಹಳೆಯದಕ್ಕೆ ಒಂದೇ ಸಾಧ್ಯವಿತ್ತು. ಎ380 ಇವೆಲ್ಲಕ್ಕೂ ಮೀರಿದ್ದು. ಅದರ ಭಾಗಗಳು ಹಡಗಿನಲ್ಲಿ ಪೋಯಾಕ್‌ಗೆ, ಅಲ್ಲಿಂದ ದೋಣಿಯಲ್ಲಿ ಗರೋನ್ ನದಿಯ ಮೇಲೆ ಲಾಂಗೋನ್‌ಗೆ, ಅಲ್ಲಿಂದ ಸುಮಾರು 240 ಕಿ.ಮೀ. ರಸ್ತೆಯಲ್ಲಿ ರಾತ್ರಿಯ ಹೊತ್ತು ತೂಲೂಸ್‌ಗೆ ಹೋಗುತ್ತಿದ್ದವು. ಲೆವಿನ್ಯಾಕ್ ಎಂಬ ಹಳ್ಳಿಯಲ್ಲಿ ಒಡಲಿನ ತುಂಡು ಎರಡೂ ಬದಿಯ ಮನೆಗಳ ಕಿಟಕಿಗಳನ್ನು ಸವರಿಕೊಂಡಂತೆ ದಾಟಬೇಕಿತ್ತು.

ಇನ್ನು ಶೆಡ್ಡಿನೊಳಕ್ಕೆ ಹೋಗೋಣ.

ಒಡಲಿನ ಎರಡು ಅರ್ಧಗಳನ್ನು ಸೇರಿಸುವ ಮೊದಲೇ ಶೌಚಾಲಯ, ಗ್ಯಾಲಿ (ವಿಮಾನದ ಅಡುಗೆಕೋಣೆ) ಮುಂತಾದ ದೊಡ್ಡ ಪೆಟ್ಟಿಗೆಗಳನ್ನು ಒಳಗಿಡುತ್ತಾರೆ. ಕೂಡಿಸಿದ ಮೇಲೆ ಅವು ಬಾಗಿಲಲ್ಲಿ ಹಿಡಿಸುವುದಿಲ್ಲ. ಆಮೇಲೆ ಎರಡೂ ಅರ್ಧಗಳನ್ನು ಜಿಗ್‌ಗಳ, ಅಂದರೆ ಅಲುಗದಂತೆ ಹಿಡಿಯುವ ಚೌಕಟ್ಟುಗಳ, ಮೇಲೆ ಕೂರಿಸಿ ಲೇಸರ್ ಟ್ರ್ಯಾಕರ್‌ನಿಂದ ಅಳೆಯುತ್ತಾರೆ. ಮೊದಲೇ ಗುರುತಿಸಿದ ಬಿಂದುಗಳಲ್ಲಿ ಪ್ರತಿಫಲಕ ಇಟ್ಟು, ಅವು ಮೂರು ದಿಕ್ಕಿನಲ್ಲೂ ಎಲ್ಲಿವೆ ಎಂದು ನೋಡಿ, ಜಿಗ್‌ನ ಕಾಲುಗಳನ್ನು ಎತ್ತಿಳಿಸಿ ಸರಿಮಾಡುತ್ತಾರೆ. ಇಲ್ಲಿ ಮೊದಲ ಶತ್ರು ಉಷ್ಣಾಂಶ. ಅಲ್ಯೂಮಿನಿಯಂ ಒಂದು ಮೀಟರಿಗೆ, ಒಂದು ಡಿಗ್ರಿಗೆ, ಸುಮಾರು 23 ಮೈಕ್ರಾನ್ ಹಿಗ್ಗುತ್ತದೆ. 15 ಮೀಟರಿನ ತುಂಡು ಹತ್ತು ಡಿಗ್ರಿ ಬಿಸಿಯಾದರೆ ಸುಮಾರು 3.5 ಮಿ.ಮೀ. ಉದ್ದವಾದಂತೆ. ತೂತಿನ ವ್ಯಾಸಕ್ಕೆ ಇರುವ ಸಡಿಲು ಮಿ.ಮೀ.ನ ನೂರನೇ ಒಂದೆರಡು ಭಾಗಗಳಷ್ಟೇ. ಅದಕ್ಕೇ ಹೊರಗಿನ ಚಳಿಯಿಂದ ಈಗಷ್ಟೇ ಒಳಬಂದ ತುಂಡನ್ನು ಅಳೆಯಬಾರದು, ಶೆಡ್ಡಿನ ಹದಕ್ಕೆ ಬರುವವರೆಗೆ ಕಾಯಬೇಕು. ಅವಸರಪಟ್ಟು ಅಳೆದರೆ ಅಳತೆ ಸರಿಯಾಗಿಯೇ ಇರುತ್ತದೆ, ಆದರೆ ಅದು ಬೇರೆ ಉಷ್ಣಾಂಶದ ವಿಮಾನದ ಅಳತೆ.

ಅಳತೆ ಸರಿಹೋದ ಮೇಲೆ ತೂತು. ವಿಮಾನದ ತಗಡುಗಳನ್ನು ಬೆಸೆಯುವುದು ಅಪರೂಪ, ಕೂಡುವುದು ರಿವೆಟ್ ಮತ್ತು ಬೋಲ್ಟ್‌ಗಳಿಂದ. ಹೆಚ್ಚು ಗಟ್ಟಿಯ ಅಲ್ಯೂಮಿನಿಯಂ ಮಿಶ್ರಲೋಹಗಳನ್ನು ಬೆಸೆದರೆ ಆ ಜಾಗದ ಬಲ ಕುಸಿಯುತ್ತದೆ. ತೂತು ಕೊರೆಯುವುದರಲ್ಲಿ ಏನು ಮಹಾ ಎನಿಸಬಹುದು. ಎರಡು ತಗಡುಗಳನ್ನು ಒತ್ತಿ ಹಿಡಿದು ಕೊರೆದಾಗ ಲೋಹದ ಚೂರು ನಡುವೆ ನುಗ್ಗುತ್ತದೆ. ಕೆಳಗಿನ ತಗಡಿನ ಬಾಯಲ್ಲಿ ಬರ್, ಅಂದರೆ ಚೂಪಾದ ಅಂಚು, ಎದ್ದು ನಿಲ್ಲುತ್ತದೆ. ಹಾಗೆಯೇ ಬಿಗಿದರೆ ತಗಡುಗಳು ನಿಜವಾಗಿ ತಾಗುವುದಿಲ್ಲ, ಬರ್‌ನ ಮೇಲೆ ಕೂತಿರುತ್ತವೆ. ಸಾವಿರಾರು ಹಾರಾಟಗಳಲ್ಲಿ ಅದು ಸವೆದು ಬೋಲ್ಟ್ ಸಡಿಲಾಗುತ್ತದೆ, ತೂತಿನ ಅಂಚಿನಿಂದ ಬಿರುಕು ಶುರುವಾಗುತ್ತದೆ. ಆದ್ದರಿಂದ ಸಾಂಪ್ರದಾಯಿಕ ಕ್ರಮ ಉದ್ದದ್ದು: ಕೊರೆ, ಬಿಡಿಸು, ಬರ್ ತೆಗೆ, ಒರೆಸು, ಸೋರದಂತೆ ತಡೆಯುವ ಸೀಲಂಟ್ ಹಚ್ಚು, ಮತ್ತೆ ಕೂಡಿಸು, ಬಿಗಿ. ಬಿಡಿಸುವ ಹೆಜ್ಜೆಯನ್ನು ತಪ್ಪಿಸಲೆಂದೇ ಸ್ವಯಂಚಾಲಿತ ಯಂತ್ರಗಳು ತಗಡುಗಳನ್ನು ಭಾರೀ ಬಲದಿಂದ ಅದುಮಿ ಕೊರೆಯುತ್ತವೆ. 2018ರಲ್ಲಿ ಶುರುವಾದ ಹ್ಯಾಂಬರ್ಗ್‌ನ ನಾಲ್ಕನೇ ಎ320 ಜೋಡಣೆಯ ಸಾಲಿನಲ್ಲಿ ಏಳು ಅಕ್ಷಗಳ ಎರಡು ರೋಬಾಟ್‌ಗಳಿವೆ. ಒಡಲಿನ ಎರಡು ಅರ್ಧಗಳು ಕೂಡುವ ಸುತ್ತುಗೆರೆಯಲ್ಲಿ 2,000ಕ್ಕೂ ಹೆಚ್ಚು ತೂತುಗಳನ್ನು ಅವು ಕೊರೆಯುತ್ತವೆ. ಕೆಲಸಗಾರರು ಅವಕ್ಕೆ ಲುಯಿಜೆ, ರೆನಾಟೆ ಎಂದು ಹೆಸರಿಟ್ಟಿದ್ದಾರೆ.

ತೂತಿಗೆ ಕೆಲವು ನಿಯಮಗಳಿವೆ, ಇವು ಏರ್‌ಬಸ್‌ಗೆ ಮಾತ್ರ ಸೇರಿದ್ದಲ್ಲ. ತಗಡಿನ ಅಂಚಿನಿಂದ ತೂತಿನ ನಡುವಿನವರೆಗೆ ಬೋಲ್ಟಿನ ವ್ಯಾಸದ ಎರಡರಷ್ಟು ದೂರ ಇರಬೇಕು. ಕಡಿಮೆಯಾದರೆ ಅಂಚು ಹರಿಯುತ್ತದೆ. ತಲೆ ಮೇಲ್ಮೈಗೆ ಸಮವಾಗಿ ಕೂರಲೆಂದು ಕೊರೆಯುವ ಇಳಿಜಾರು ಕುಳಿ, ಅಂದರೆ ಕೌಂಟರ್‌ಸಿಂಕ್, ತಗಡಿನ ದಪ್ಪದ ಮೂರನೇ ಎರಡು ಭಾಗ ದಾಟಬಾರದು. ದಾಟಿದರೆ ಕೆಳಗೆ ಕತ್ತಿಯಂಚು ಉಳಿಯುತ್ತದೆ, ಬಿರುಕಿಗೆ ಅಷ್ಟು ಸಾಕು. ಕುಳಿ ಕಡಿಮೆಯಾದರೆ ತಲೆ ಹೊರಗೆ ಉಬ್ಬಿ ಗಾಳಿಗೆ ಅಡ್ಡಬರುತ್ತದೆ. ಮುಖ್ಯ ಜಾಗಗಳಲ್ಲಿ ತೂತಿಗಿಂತ ಕೂದಲೆಳೆಯಷ್ಟು ದಪ್ಪದ ಬೋಲ್ಟನ್ನು ಬಲವಂತವಾಗಿ ತೂರಿಸುತ್ತಾರೆ. ಅದು ಸುತ್ತಲಿನ ಲೋಹವನ್ನು ಅದುಮಿಟ್ಟು ಬಿರುಕು ಬಾಯಿಬಿಡದಂತೆ ತಡೆಯುತ್ತದೆ. ತೂತು ವಾರೆಯಾದರೆ ಅಥವಾ ಅಂಡಾಕಾರವಾದರೆ ಬೋಲ್ಟ್ ಅರ್ಧದಲ್ಲಿ ಸಿಕ್ಕಿಕೊಳ್ಳುತ್ತದೆ. ಬಡಿದು ತೂರಿಸುವ ಆಸೆಯನ್ನು ಅಲ್ಲಿ ಅದುಮಿಕೊಳ್ಳಬೇಕು. ತೂತನ್ನು ಒಂದು ಮಟ್ಟ ದೊಡ್ಡದು ಮಾಡಿ, ದಪ್ಪ ಬೋಲ್ಟ್ ಹಾಕಿ, ಅದನ್ನು ಬರೆದಿಡುವುದೇ ಸರಿಯಾದ ದಾರಿ. ಈ ಬರೆದಿಡುವ ಕಾಗದಕ್ಕೆ ಕನ್ಸೆಷನ್ ಎನ್ನುತ್ತಾರೆ. ಕೊನೆಯಲ್ಲಿ ಅದಕ್ಕೆ ಮರಳುತ್ತೇನೆ.

ಸೀಲಂಟ್ ಬಗ್ಗೆ ಕೊಂಚ ಹೆಚ್ಚು ಹೇಳಬೇಕು, ಏಕೆಂದರೆ ರೆಕ್ಕೆ ಎಂದರೆ ಇಂಧನದ ತೊಟ್ಟಿ. ಒಳಗೆ ಬೇರೆ ಡಬ್ಬಿ ಇಲ್ಲ, ರೆಕ್ಕೆಯ ಹೊದಿಕೆಯೇ ತೊಟ್ಟಿಯ ಗೋಡೆ. ಸೀಲಂಟ್ ಎರಡು ಭಾಗಗಳ ಪಾಲಿಸಲ್ಫೈಡ್. ಬೆರೆಸಿದ ಕ್ಷಣದಿಂದ ಗಡಿಯಾರ ಓಡುತ್ತದೆ. ಡಬ್ಬಿಯ ಮೇಲಿನ ಗುರುತಿನಲ್ಲಿ ಬಿ-2 ಎಂದಿದ್ದರೆ ಬಂದೂಕಿನಿಂದ ಅಂಚಿಗೆ ಒತ್ತುವ ಬಗೆ, ಹಚ್ಚಲು ಎರಡು ಗಂಟೆ ಎಂದರ್ಥ. ಎ ಎಂದರೆ ಕುಂಚದಿಂದ ಬಳಿಯುವುದು, ಸಿ ಎಂದರೆ ಎರಡು ಮೇಲ್ಮೈಗಳ ನಡುವೆ ಹರಡುವುದು. ಸೋರಿಕೆಯ ದೂರುಗಳಲ್ಲಿ ಸೀಲಂಟಿನ ತಪ್ಪಿಗಿಂತ ಒರೆಸಿದವರ ತಪ್ಪು ಹೆಚ್ಚು. ಜಿಡ್ಡು ತೆಗೆಯಲು ದ್ರಾವಕ ಹಚ್ಚಿ, ಅದು ತಾನಾಗಿ ಆರಲು ಬಿಟ್ಟರೆ ಕರಗಿದ ಜಿಡ್ಡು ಅಲ್ಲೇ ಮತ್ತೆ ಕೂರುತ್ತದೆ. ಆರುವ ಮೊದಲೇ ಒಣ ಶುಭ್ರ ಬಟ್ಟೆಯಿಂದ ಒರೆಸಬೇಕು. ತಗಡುಗಳನ್ನು ಅದುಮಿದಾಗ ಅಂಚಿನುದ್ದಕ್ಕೂ ಸೀಲಂಟ್ ಸಣ್ಣ ದಾರದಂತೆ ಹೊರಬರಬೇಕು. ಎಲ್ಲಾದರೂ ಬರದಿದ್ದರೆ ಒಳಗೆ ಖಾಲಿ ಇದೆ ಎಂದೇ ಲೆಕ್ಕ, ಬಿಚ್ಚಬೇಕು. ಅವಧಿ ಮೀರಿದ ಸೀಲಂಟ್ ಮೇಲೆ ಬೋಲ್ಟ್ ಬಿಗಿದರೆ ಅದು ಹೊರಗೆ ಹಿಂಡಿಹೋಗುವ ಬದಲು ರಬ್ಬರಿನ ಹಾಳೆಯಂತೆ ನಡುವೆ ಉಳಿಯುತ್ತದೆ. ಕಾಲಕ್ರಮದಲ್ಲಿ ಅದು ಕುಗ್ಗಿ ಬೋಲ್ಟಿನ ಬಿಗಿ ಹೋಗುತ್ತದೆ.

ಎರಡು ಭಾಗಗಳ ನಡುವೆ ಸಂದು ಉಳಿದರೆ? ಎರಡು ದೇಶಗಳಲ್ಲಿ ಎರಡು ಜಿಗ್‌ಗಳ ಮೇಲೆ ಮಾಡಿದ ವಸ್ತುಗಳಲ್ಲಿ ಸಂದು ಉಳಿಯುವುದೇ ಸಹಜ. ಅದನ್ನು ತುಂಬುವ ತೆಳು ಪದರಕ್ಕೆ ಶಿಮ್ ಎನ್ನುತ್ತಾರೆ. ಸಣ್ಣದಾದರೆ ಗಟ್ಟಿಯಾಗುವ ಅಂಟಿನಂಥ ದ್ರವ ಶಿಮ್, ದೊಡ್ಡದಾದರೆ ಅಳತೆಗೆ ಕೆರೆದ ಲೋಹದ ಶಿಮ್ ಅಥವಾ ಪದರ ಪದರವಾಗಿ ಸುಲಿಯಬಹುದಾದ ಶಿಮ್. ಮಾಡಬಾರದ್ದು ಒಂದೇ: ಸಂದನ್ನು ಬೋಲ್ಟ್‌ನಿಂದ ಎಳೆದು ಮುಚ್ಚುವುದು. ಹೊರಗಿನಿಂದ ಎಲ್ಲ ಸರಿ ಕಾಣುತ್ತದೆ, ಆದರೆ ಬಾಗಿದ ತುಂಡು ವಿಮಾನ ನೆಲದ ಮೇಲೆ ನಿಂತಿರುವಾಗಲೇ ಬಲದಲ್ಲಿ ಸಿಕ್ಕಿರುತ್ತದೆ.

ಎ380ರ ರೆಕ್ಕೆಯಲ್ಲಿ ಇದಕ್ಕೆ ಹತ್ತಿರದ ಪಾಠವೊಂದಿದೆ. 2010ರ ನವೆಂಬರ್ 4ರಂದು ಸಿಂಗಪುರದಿಂದ ಹೊರಟ ಕ್ವಾಂಟಾಸ್ ವಿಮಾನದ ರೋಲ್ಸ್‌ರಾಯ್ಸ್ ಎಂಜಿನ್ ಒಂದು ಒಡೆದು ಚೂರುಗಳು ರೆಕ್ಕೆಯನ್ನು ತೂರಿದವು. ಆ ರೆಕ್ಕೆಯನ್ನು ರಿಪೇರಿಗೆಂದು ಬಿಚ್ಚಿ ನೋಡುವಾಗ ಸಂಬಂಧವೇ ಇಲ್ಲದ ಸಣ್ಣ ಬಿರುಕುಗಳು ಕಂಡವು, ರಿಬ್‌ಗಳನ್ನು, ಅಂದರೆ ರೆಕ್ಕೆಯೊಳಗಿನ ಅಡ್ಡಪಟ್ಟಿಗಳನ್ನು, ಹೊದಿಕೆಗೆ ಹಿಡಿಯುವ ಎಲ್ ಆಕಾರದ ಬ್ರಾಕೆಟ್‌ಗಳಲ್ಲಿ. ಬೇರೆ ವಿಮಾನಗಳಲ್ಲೂ ನೋಡಿದರು, ಅಲ್ಲೂ ಇದ್ದವು. 2012ರ ಜನವರಿಯಲ್ಲಿ ಐರೋಪ್ಯ ವಿಮಾನಯಾನ ಸುರಕ್ಷತಾ ಸಂಸ್ಥೆ ತಪಾಸಣೆಗೆ ಆದೇಶಿಸಿತು. ಬ್ರಾಕೆಟ್‌ಗೆ ಆರಿಸಿದ 7449 ಎಂಬ ಅಲ್ಯೂಮಿನಿಯಂ ಮಿಶ್ರಲೋಹ, ವಿನ್ಯಾಸ, ಜೋಡಿಸುವಾಗ ಬಿದ್ದ ಒತ್ತಡ ಮೂರೂ ಸೇರಿ ಆದ ಎಡವಟ್ಟು ಅದು. ಆ ಲೋಹ ಗಟ್ಟಿ, ಹಗುರ, ಆದರೆ ಬಾಗುವುದಕ್ಕೆ ಒಲ್ಲದು. ಒತ್ತಡ ಬಿದ್ದರೆ ಬಗ್ಗುವ ಬದಲು ಸೀಳುತ್ತದೆ. ಬ್ರಾಕೆಟ್‌ಗಳನ್ನು ಬೇರೆ ಮಿಶ್ರಲೋಹದಲ್ಲಿ ಮಾಡಿ ಬದಲಿಸಬೇಕಾಯಿತು, ಅದೂ ತೊಟ್ಟಿಯೊಳಗೆ ಕೈತೂರಿಸಿ.

ಅದೇ ರೆಕ್ಕೆ ಅದಕ್ಕೂ ಮೊದಲು ಇನ್ನೊಂದು ಪರೀಕ್ಷೆಯಲ್ಲಿ ಕೂದಲೆಳೆಯಲ್ಲಿ ತಪ್ಪಿತ್ತು. ಹಾರಾಟದಲ್ಲಿ ಬರಬಹುದಾದ ಅತಿ ಹೆಚ್ಚಿನ ಹೊರೆಯ ಒಂದೂವರೆ ಪಟ್ಟನ್ನು ರೆಕ್ಕೆ ತಾಳಬೇಕು ಎಂಬುದು ನಿಯಮ. 2006ರ ಫೆಬ್ರವರಿಯಲ್ಲಿ ಅದು 1.45 ಪಟ್ಟಿನಲ್ಲಿ ಮುರಿಯಿತು. ಸುಮಾರು 30 ಕೆ.ಜಿ. ಬಲವರ್ಧನೆ ಸೇರಿಸಿ ಲೆಕ್ಕ ಸರಿಮಾಡಿದರು. ಕೆಲವರು ಇದನ್ನು ದೊಡ್ಡ ಸೋಲೆಂದು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಗಡಿಗೆ ಶೇ. 3ರಷ್ಟು ಹತ್ತಿರದಲ್ಲಿ ಮುರಿದ ರೆಕ್ಕೆ ಎಂದರೆ ಲೆಕ್ಕ ಹಾಕಿದವರು ಅನಗತ್ಯ ತೂಕ ತುಂಬಿರಲಿಲ್ಲ ಎಂದೇ ಅರ್ಥ. ಗಡಿಗಿಂತ ಬಹಳ ಮೇಲೆ ಮುರಿದಿದ್ದರೆ ಆ ಹೆಚ್ಚುವರಿ ಲೋಹವನ್ನು ಪ್ರತಿ ಹಾರಾಟದಲ್ಲೂ ಹೊರಬೇಕಿತ್ತು.

ಈಗ ತಂತಿ. ಎ380 ಎಂದೊಡನೆ ಜನ ಗಾತ್ರದ ಮಾತಾಡುತ್ತಾರೆ. ಆದರೆ ಅದನ್ನು ಎರಡು ವರ್ಷ ಹಿಂದಕ್ಕೆ ತಳ್ಳಿದ್ದು ತಂತಿ. ಒಂದು ವಿಮಾನದಲ್ಲಿ ಸುಮಾರು 530 ಕಿ.ಮೀ. ತಂತಿ, ಒಂದು ಲಕ್ಷದಷ್ಟು ತಂತಿತುಂಡುಗಳು, 40,300 ಕನೆಕ್ಟರ್‌ಗಳು. ತಂತಿಗಳನ್ನು ಒಂದೊಂದಾಗಿ ಎಳೆಯುವುದಿಲ್ಲ. ಮೊದಲೇ ಹಲಗೆಯ ಮೇಲೆ ಅಳತೆಗೆ ಕತ್ತರಿಸಿ, ಕಟ್ಟು ಕಟ್ಟಿ, ತುದಿಗೆ ಕನೆಕ್ಟರ್ ಹಾಕಿ ಹಾರ್ನೆಸ್ ಮಾಡಿ ತರುತ್ತಾರೆ. ಅದು ಒಡಲಿನೊಳಗಿನ ಬ್ರಾಕೆಟ್‌ಗಳ ಮೇಲೆ ಹಾಯ್ದು, ಮುಂದಿನ ತುಂಡಿನ ಹಾರ್ನೆಸ್‌ಗೆ ಕೂಡಬೇಕು. 2004ರಿಂದ ತೂಲೂಸ್‌ಗೆ ಬಂದ ಹ್ಯಾಂಬರ್ಗ್‌ನ ತುಂಡುಗಳಲ್ಲಿ ಹಾರ್ನೆಸ್‌ಗಳು ತುದಿ ಮುಟ್ಟಲಿಲ್ಲ. ಕೆಲವು ಸೆಂಟಿಮೀಟರ್ ಗಿಡ್ಡ.

ಕಾರಣ ಒಂದೇ ಅಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎಂಬಂತೆ, ಜರ್ಮನಿ ಮತ್ತು ಸ್ಪೇನಿನ ವಿನ್ಯಾಸಕಾರರು ಕ್ಯಾಟಿಯಾ ತಂತ್ರಾಂಶದ 4ನೇ ಆವೃತ್ತಿ ಬಳಸುತ್ತಿದ್ದರು, ಫ್ರಾನ್ಸ್ ಮತ್ತು ಬ್ರಿಟನ್ನಿನವರು 5ನೆಯದಕ್ಕೆ ಹೋಗಿದ್ದರು. ಹೆಸರು ಒಂದೇ ಆದರೂ 5 ಎಂಬುದು 4ರ ಸುಧಾರಣೆಯಲ್ಲ, ಬುಡದಿಂದ ಹೊಸದಾಗಿ ಬರೆದದ್ದು. 4ರಲ್ಲಿ ಬರೆದ ಆಕೃತಿಯನ್ನು 5ಕ್ಕೆ ಒಯ್ದಾಗ ಆಕಾರ ಬರುತ್ತದೆ, ಆದರೆ ಆ ಆಕಾರ ಹೇಗೆ ಹುಟ್ಟಿತು ಎಂಬ ನಿಯಮಗಳು ಉಳಿಯುವುದಿಲ್ಲ. ಒಂದು ಕಡೆ ಬ್ರಾಕೆಟ್ ಸರಿಸಿದರೆ ಇನ್ನೊಂದು ಕಡೆಯ ತಂತಿ ತಾನಾಗಿ ಉದ್ದವಾಗುವುದಿಲ್ಲ. ಯಾರಾದರೂ ಕೈಯಾರೆ ತಿದ್ದಬೇಕು. ದಿನಕ್ಕೆ ಹತ್ತಾರು ಬದಲಾವಣೆ ಆಗುವ ಕಡೆ ಕೈಯಾರೆ ತಿದ್ದುವುದು ಹಿಂದೆ ಬೀಳುತ್ತದೆ.

ಎರಡನೆಯದು ಅಲ್ಯೂಮಿನಿಯಂ ತಂತಿ. ತೂಕ ಉಳಿಸಲು ದಪ್ಪನೆಯ ತಂತಿಗಳಲ್ಲಿ ತಾಮ್ರದ ಬದಲು ಅಲ್ಯೂಮಿನಿಯಂ ಹಾಕಿದರು. ಅಲ್ಯೂಮಿನಿಯಂ ತಾಮ್ರದ ಶೇ. 61ರಷ್ಟೇ ವಿದ್ಯುತ್ ಹರಿಸುತ್ತದೆ, ಆದರೆ ತೂಕ ಮೂರನೇ ಒಂದಕ್ಕಿಂತ ಕಡಿಮೆ. ಅದೇ ಕೆಲಸಕ್ಕೆ ತಂತಿಯ ಅಡ್ಡಕೊಯ್ತ ಸುಮಾರು 1.6 ಪಟ್ಟು ದೊಡ್ಡದಾಗಬೇಕು. ಆದರೂ ತೂಕ ಅರ್ಧದಷ್ಟಾಗುತ್ತದೆ. ಲಾಭವೇ. ಆದರೆ ದಪ್ಪ ತಂತಿ ಬಾಗುವ ತಿರುವು ದೊಡ್ಡದು. ಸಾಮಾನ್ಯ ನಿಯಮದ ಪ್ರಕಾರ ಕಟ್ಟಿನಲ್ಲಿರುವ ಅತಿ ದಪ್ಪ ತಂತಿಯ ವ್ಯಾಸದ ಹತ್ತರಷ್ಟು ತ್ರಿಜ್ಯ ಬೇಕು. ಮೂಲೆಯೊಂದರಲ್ಲಿ ತಿರುವು ದೊಡ್ಡದಾದರೆ ದಾರಿಯ ಉದ್ದ ಬದಲಾಗುತ್ತದೆ. ಇಪ್ಪತ್ತು ಮೂಲೆ ದಾಟುವಷ್ಟರಲ್ಲಿ ಸೆಂಟಿಮೀಟರ್‌ಗಳು ಕೂಡಿಕೊಂಡಿರುತ್ತವೆ. ಇಷ್ಟರ ಮೇಲೆ ಅಲ್ಯೂಮಿನಿಯಂ ಮೇಲ್ಮೈಯಲ್ಲಿ ಕ್ಷಣದಲ್ಲೇ ಆಕ್ಸೈಡ್ ಪದರ ಕಟ್ಟುವುದರಿಂದ ತುದಿಯನ್ನು ಕ್ರಿಂಪ್ ಮಾಡುವ, ಅಂದರೆ ಲೋಹದ ತೊಡಿಕೆಯೊಳಗೆ ಅದುಮಿ ಹಿಡಿಸುವ, ವಿಧಾನವೂ ಬೇರೆ. ತಾಮ್ರದ ಉಪಕರಣ ಅದಕ್ಕೆ ಆಗದು. ಮೂರನೆಯದು ಗಿರಾಕಿಗಳು. ಪ್ರತಿ ವಿಮಾನಯಾನ ಸಂಸ್ಥೆಯ ಆಸನ, ಪರದೆ, ಗ್ಯಾಲಿ ಬೇರೆ, ಆದ್ದರಿಂದ ತಂತಿಯೂ ಬೇರೆ.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ: ಒಂದು ಮೊಳ ಜಾಸ್ತಿ ತಂತಿ ಬಿಟ್ಟಿದ್ದರೆ ಆಗುತ್ತಿರಲಿಲ್ಲವೇ? ಆಗುವುದಿಲ್ಲ. ಸಡಿಲಾದ ತಂತಿ ಕಂಪನದಲ್ಲಿ ಲೋಹಕ್ಕೆ ಉಜ್ಜಿ ಹೊದಿಕೆ ಹರಿದುಕೊಳ್ಳುತ್ತದೆ. ಎರಡು ಹಿಡಿಕೆಗಳ ನಡುವೆ ಕೈಯಿಂದ ಒತ್ತಿದರೆ ಸುಮಾರು ಅರ್ಧ ಇಂಚಿಗಿಂತ ಹೆಚ್ಚು ಜಗ್ಗಬಾರದು ಎಂಬುದು ರೂಢಿ. ನಡುವೆ ತುಂಡು ಸೇರಿಸಿದರೆ ಪ್ರತಿ ಸೇರಿಕೆಯೂ ಹೊಸ ದುರ್ಬಲ ಜಾಗ. ಒಂದು ವ್ಯವಸ್ಥೆಯ ತಂತಿಯೂ ಅದಕ್ಕೆ ಬದಲಿಯಾಗಿ ಇಟ್ಟ ವ್ಯವಸ್ಥೆಯ ತಂತಿಯೂ ಒಂದೇ ಕಟ್ಟಿನಲ್ಲಿ ಬರಬಾರದು, ಹಾಗಾಗಿ ಸಿಕ್ಕ ದಾರಿಯಲ್ಲಿ ಎಳೆಯುವಂತೆಯೂ ಇಲ್ಲ. ಉಳಿದ ದಾರಿ ಹಾರ್ನೆಸ್ಸನ್ನು ಹೊಸದಾಗಿ ಮಾಡುವುದು. ಹ್ಯಾಂಬರ್ಗ್‌ನಿಂದ ನೂರಾರು ಕೆಲಸಗಾರರು ತೂಲೂಸ್‌ಗೆ ಬಂದು ಮೊದಲ ಸುಮಾರು 25 ವಿಮಾನಗಳಿಗೆ ಕೈಯಾರೆ ತಂತಿ ಹಾಕಿದರು. 2006ರ ಜೂನ್‌ನಲ್ಲಿ ಹೊಸ ವಿಳಂಬ ಘೋಷಿಸಿದ ಮರುದಿನ ಮಾತೃಸಂಸ್ಥೆ ಇಎಡಿಎಸ್‌ನ ಷೇರು ಶೇ. 26 ಕುಸಿಯಿತು. ಅದೇ ಅಕ್ಟೋಬರ್‌ನಲ್ಲಿ ನಾಲ್ಕು ವರ್ಷಗಳಲ್ಲಿ 480 ಕೋಟಿ ಯೂರೋ ಲಾಭ ಕೈತಪ್ಪುತ್ತದೆ ಎಂದು ಕಂಪನಿಯೇ ಹೇಳಿತು. ಮೊದಲ ವಿಮಾನ ಸಿಂಗಪುರ್ ಏರ್‌ಲೈನ್ಸ್ ಕೈಸೇರಿದ್ದು 2007ರ ಅಕ್ಟೋಬರ್ 15ರಂದು. ಒಟ್ಟು 251 ವಿಮಾನ ಕೊಟ್ಟು, 2021ರ ಡಿಸೆಂಬರ್‌ನಲ್ಲಿ ಎ380 ನಿಂತಿತು. ನಿಂತದ್ದಕ್ಕೆ ತಂತಿ ಕಾರಣವಲ್ಲ, ಎರಡು ಎಂಜಿನ್ನಿನ ದೊಡ್ಡ ವಿಮಾನಗಳು ಕಾರಣ.

ಅಂಥ ಎರಡು ಎಂಜಿನ್ ವಿಮಾನವೇ ಎ350. ತೂಕದಲ್ಲಿ ಶೇ. 53 ಕಾಂಪೊಸಿಟ್, ಅಂದರೆ ನಾರನ್ನು ರಾಳದಲ್ಲಿ ಕೂಡಿಸಿ ಮಾಡಿದ ವಸ್ತು, ಹೆಚ್ಚಿನದು ಕಾರ್ಬನ್ ನಾರು. ಲೋಹದ ರೋಗಗಳು ಇದಕ್ಕಿಲ್ಲ, ಬೇರೆ ರೋಗಗಳಿವೆ. ರಾಳ ಮೆತ್ತಿದ ಕಾರ್ಬನ್ ಪಟ್ಟಿ ಮೈನಸ್ 18 ಡಿಗ್ರಿಯಲ್ಲಿ ಶೀತಲಗೃಹದಲ್ಲಿರುತ್ತದೆ. ಹೊರಗೆ ತೆಗೆದ ಪ್ರತಿ ಗಂಟೆಯನ್ನೂ ಲೆಕ್ಕ ಇಡುತ್ತಾರೆ, ಏಕೆಂದರೆ ರಾಳ ಆಗಲೇ ನಿಧಾನವಾಗಿ ಗಟ್ಟಿಯಾಗತೊಡಗಿರುತ್ತದೆ. ತೆಗೆದ ತಕ್ಷಣ ಚೀಲ ಬಿಚ್ಚುವಂತಿಲ್ಲ. ತಣ್ಣನೆಯ ಪಟ್ಟಿಯ ಮೇಲೆ ಗಾಳಿಯ ತೇವ ಕೂತರೆ ಒಲೆಯಲ್ಲಿ ಅದು ಆವಿಯಾಗಿ ಒಳಗೆ ಗುಳ್ಳೆ ಬಿಡುತ್ತದೆ. ಪದರಗಳನ್ನು ದಿಕ್ಕು ಬದಲಿಸುತ್ತಾ ಹಾಸಿ, ನಿರ್ವಾತ ಚೀಲ ಹೊದಿಸಿ, ಆಟೋಕ್ಲೇವ್ ಎಂಬ ಒತ್ತಡದ ಒಲೆಯಲ್ಲಿ ಸುಮಾರು 180 ಡಿಗ್ರಿ ಮತ್ತು ಏಳರ ಆಸುಪಾಸಿನ ಬಾರ್ ಒತ್ತಡದಲ್ಲಿ ಬೇಯಿಸುತ್ತಾರೆ. ಚೀಲದಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಒತ್ತಡ ಒಳಗೆ ಹೋಗಿ ಪದರಗಳು ಅದುಮಿಕೊಳ್ಳುವುದಿಲ್ಲ. ಆ ರೆಕ್ಕೆಯ ಹೊದಿಕೆ ಸುಮಾರು 32 ಮೀಟರ್ ಉದ್ದ, 6 ಮೀಟರ್ ಅಗಲ. ಒಂದು ಹಾಳಾದರೆ ಏನು ನಷ್ಟ ಎಂದು ಊಹಿಸಿಕೊಳ್ಳಿ.

ಕೂಡಿಸುವಲ್ಲಿ ಕಾರ್ಬನ್ನಿನ ತಕರಾರು ಮೂರು. ಡ್ರಿಲ್ ಹೊರಬರುವ ಕಡೆ ಪದರಗಳು ಬಿಟ್ಟುಕೊಳ್ಳುತ್ತವೆ, ಹಿಂದಿನಿಂದ ಆನಿಕೆ ಕೊಡಬೇಕು, ಮೊಂಡಾದ ಡ್ರಿಲ್ ಬಳಸಬಾರದು. ಕಾರ್ಬನ್ ಮತ್ತು ಟೈಟಾನಿಯಂ ಒಟ್ಟಿಗೆ ಕೊರೆಯುವಾಗ ಬಿಸಿಯಾದ ಟೈಟಾನಿಯಂ ಸುರುಳಿ ಮೇಲೆ ಬರುತ್ತಾ ಕಾರ್ಬನ್ ತೂತನ್ನು ಗೀರುತ್ತದೆ. ಅಲ್ಯೂಮಿನಿಯಂ ನೇರವಾಗಿ ಕಾರ್ಬನ್‌ಗೆ ತಾಗಿದರೆ, ತೇವ ಸಿಕ್ಕಾಗ ಬ್ಯಾಟರಿಯಂತೆ ವರ್ತಿಸಿ ಅಲ್ಯೂಮಿನಿಯಂ ಕೊಳೆಯುತ್ತದೆ. ಆದ್ದರಿಂದಲೇ ನಡುವೆ ಗಾಜಿನ ನಾರಿನ ಪದರ, ಬೋಲ್ಟ್‌ಗಳಿಗೆ ದುಬಾರಿ ಟೈಟಾನಿಯಂ. ಕೊರೆದಾಗ ಏಳುವ ದೂಳು ಶ್ವಾಸಕ್ಕೆ ಕೆಟ್ಟದ್ದು. ಅಷ್ಟೇ ಅಲ್ಲ, ಅದು ವಿದ್ಯುತ್ ಹರಿಸುತ್ತದೆ. ಹೀರುವ ಯಂತ್ರ ಸರಿಯಿಲ್ಲದಿದ್ದರೆ ಸುತ್ತಲಿನ ಯಂತ್ರಗಳ ಒಳಗೆ ಕೂತು ಶಾರ್ಟ್ ಮಾಡುತ್ತದೆ.

ಕಾರ್ಬನ್ ಲೋಹದಷ್ಟು ಚೆನ್ನಾಗಿ ಸಿಡಿಲನ್ನು ಹರಿಸದು. ಹಾಗಾಗಿ ಬಣ್ಣದ ಅಡಿಯಲ್ಲಿ ತೆಳುವಾದ ತಾಮ್ರದ ಜಾಳಿಗೆ ಇರುತ್ತದೆ. ಕಾರ್ಬನ್, ತಾಮ್ರ, ಬಣ್ಣ ಮೂರೂ ಬಿಸಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ. ನೆಲದ ಬಿಸಿಲಿನಿಂದ ಆಕಾಶದ ಮೈನಸ್ 50ಕ್ಕೆ ದಿನಕ್ಕೆ ಎರಡು ಮೂರು ಬಾರಿ ಹೋಗಿ ಬರುವ ಮೇಲ್ಮೈಯಲ್ಲಿ ಬಣ್ಣ ಬಿರಿಯಿತು. ಕತಾರ್ ಏರ್‌ವೇಸ್ ಇದನ್ನು ಸುರಕ್ಷತೆಯ ಪ್ರಶ್ನೆ ಎಂದಿತು, ಅಲ್ಲಿನ ನಿಯಂತ್ರಕ ಸಂಸ್ಥೆ ಇಪ್ಪತ್ತಕ್ಕೂ ಹೆಚ್ಚು ಎ350ಗಳನ್ನು ನೆಲಕ್ಕಿಳಿಸಿತು. ಐರೋಪ್ಯ ನಿಯಂತ್ರಕರು ಸುರಕ್ಷತೆಯ ತೊಂದರೆ ಕಾಣಲಿಲ್ಲ. ಲಂಡನ್ನಿನ ನ್ಯಾಯಾಲಯದವರೆಗೆ ಹೋದ ಜಗಳ 2023ರ ಫೆಬ್ರವರಿಯಲ್ಲಿ ರಾಜಿಯಾಯಿತು. ಎರಡು ಭಾಗ ಕೂಡುವ ಗೆರೆಯಲ್ಲ ಇದು, ಎರಡು ಪದರ ಕೂಡುವ ಮೈ. ಆದರೆ ರೋಗದ ಮೂಲ ಒಂದೇ.

ಕೂಡುವ ಗೆರೆ ಕಣ್ಣಿಗೆ ಕಾಣದ್ದೂ ಇರುತ್ತದೆ. 1988ರಲ್ಲಿ ಸೇವೆಗೆ ಬಂದ ಎ320ರಲ್ಲಿ ಪೈಲಟ್‌ನ ಕೈಯಿಂದ ರೆಕ್ಕೆಗೆ ಹೋಗುವುದು ಕೇಬಲ್ ಅಲ್ಲ, ವಿದ್ಯುತ್ ಸಂಕೇತ. ಆ ಸಂಕೇತವನ್ನು ನಿರ್ವಹಿಸುವುದು ಹಾರಾಟ ನಿಯಂತ್ರಿಸುವ ಕಂಪ್ಯೂಟರ್‌ಗಳು: ಎಲಾಕ್ ಎಂಬ ಎರಡು, ಸೆಕ್ ಎಂಬ ಮೂರು, ಫ್ಯಾಕ್ ಎಂಬ ಎರಡು. ಎಲಾಕ್ ಮತ್ತು ಸೆಕ್‌ಗಳಲ್ಲಿ ಬೇಕೆಂದೇ ಬೇರೆ ತಯಾರಕರು, ಬೇರೆ ಪ್ರೊಸೆಸರ್, ಬೇರೆ ತಂಡ ಬರೆದ ತಂತ್ರಾಂಶ. ಒಂದೇ ತಪ್ಪು ಎರಡೂ ಕಡೆ ನುಸುಳದಿರಲಿ ಎಂದು. ಪ್ರತಿ ಕಂಪ್ಯೂಟರಿನೊಳಗೂ ಒಂದು ಭಾಗ ಆಜ್ಞೆ ಕೊಡುತ್ತದೆ, ಇನ್ನೊಂದು ಅದನ್ನು ಪರಿಶೀಲಿಸುತ್ತದೆ. ಇಷ್ಟಿದ್ದೂ 2025ರ ಅಕ್ಟೋಬರ್ 30ರಂದು ಹಾರುತ್ತಿದ್ದ ಒಂದು ಎ320 ಪೈಲಟ್ ಹೇಳದೆಯೇ ಮೂಗು ತಗ್ಗಿಸಿತು. ತೀವ್ರ ಸೌರವಿಕಿರಣ ಎಲಾಕ್‌ನೊಳಗಿನ ದತ್ತಾಂಶವನ್ನು ಕೆಡಿಸಬಹುದು, ಹೊಸ ತಂತ್ರಾಂಶದ ಆವೃತ್ತಿಯಲ್ಲಿ ಅದಕ್ಕೆ ತಡೆ ಸಾಲದು ಎಂದು ತೀರ್ಮಾನಿಸಿ ನವೆಂಬರ್ 28ರಂದು ತುರ್ತು ಆದೇಶ ಬಂತು. ಸುಮಾರು 6,000 ವಿಮಾನಗಳು. ಹೆಚ್ಚಿನವಕ್ಕೆ ಹಿಂದಿನ ಆವೃತ್ತಿಯನ್ನು ಮತ್ತೆ ತುಂಬಿದರೆ ಸಾಕಿತ್ತು, ಕೆಲವೇ ಗಂಟೆಗಳ ಕೆಲಸ. ಕೆಲವು ಹಳೆಯವಕ್ಕೆ ಪೆಟ್ಟಿಗೆಯನ್ನೇ ಬದಲಿಸಬೇಕಾಯಿತು.

ಜೋಡಣೆಯ ಕೊನೆಯ ಹಂತಗಳನ್ನು ಚುಟುಕಾಗಿ ಹೇಳುತ್ತೇನೆ. ರೆಕ್ಕೆ ಕೂಡಿದ ಮೇಲೆ ಎಡ ಬಲದ ಕೋನಗಳನ್ನು ಅಳೆಯುತ್ತಾರೆ, ವ್ಯತ್ಯಾಸವಿದ್ದರೆ ವಿಮಾನ ಆಯುಷ್ಯವಿಡೀ ಒಂದು ಕಡೆ ವಾಲುತ್ತದೆ. ಹೈಡ್ರಾಲಿಕ್ ಕೊಳವೆಗಳನ್ನು ತೊಳೆದು ಎ320ರಲ್ಲಿ 3,000, ಎ350ರಲ್ಲಿ 5,000 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒತ್ತಡದಲ್ಲಿ ಓಡಿಸುತ್ತಾರೆ. ಬಾಗಿಲು ಮುಚ್ಚಿ ಒಡಲಿಗೆ ಗಾಳಿ ತುಂಬಿ ಸೋರಿಕೆ ನೋಡುತ್ತಾರೆ. ಎತ್ತರದಲ್ಲಿ ಎ320ರ ಒಳಗೋಡೆಯ ಪ್ರತಿ ಚದರ ಮೀಟರಿನ ಮೇಲೆ ಐದೂವರೆ ಟನ್ನಿನಷ್ಟು ಒತ್ತಡ ಇರುತ್ತದೆ, ಆದ್ದರಿಂದ ಇದು ಉಪಚಾರದ ಪರೀಕ್ಷೆಯಲ್ಲ. ಬಾಲಕ್ಕೆ ಮಾತ್ರ ಜೋಡಿಸುವ ಮೊದಲೇ ಬಣ್ಣ. ಬಾಲದ ಹಿಂಬದಿಯಲ್ಲಿ ಹೊರಳುವ ರಡ್ಡರ್‌ಗೆ ಬಣ್ಣದ ತೂಕ ಸೇರಿದ ಮೇಲೆ ಸಮತೋಲ ನೋಡಬೇಕು. ಎಂಜಿನ್ ಬರುವುದು ಕಡೆಯಲ್ಲಿ, ಅದು ಅತಿ ದುಬಾರಿ ಭಾಗ, ಬೇಗ ತಂದಿಟ್ಟರೆ ಹಣ ಕೂತಿರುತ್ತದೆ. ಎಂಜಿನ್ ತಯಾರಕರು ತಡಮಾಡಿದಾಗ ಎಂಜಿನ್ನಿಲ್ಲದ ಹೊಸ ವಿಮಾನಗಳು ಅಂಗಳದಲ್ಲಿ ಸಾಲುಗಟ್ಟುತ್ತವೆ. ಅವಕ್ಕೆ ಗ್ಲೈಡರ್ ಎಂದು ಅಡ್ಡಹೆಸರು. ಎಂಜಿನ್ ಇರಬೇಕಾದ ಜಾಗದಲ್ಲಿ ತೂಗುವುದು ಎಂಜಿನ್ ಅಲ್ಲ, ವಿಮಾನ ವಾಲದಂತೆ ಕಟ್ಟಿದ ಹಳದಿ ಕಾಂಕ್ರೀಟಿನ ಭಾರ.

ಹಸ್ತಾಂತರಕ್ಕೆ ಮೊದಲು ಗಿರಾಕಿಯ ಎಂಜಿನಿಯರುಗಳು ಬಂದು ಕೆಲವು ದಿನ ನೆಲದ ಮೇಲೆ ತಪಾಸಣೆ ಮಾಡಿ, ಒಂದು ಹಾರಾಟ ಮಾಡಿ ನೋಡುತ್ತಾರೆ. ಆಸನದ ಹೊಲಿಗೆ, ಗೋಡೆಯ ಗೀರು ಎಂದು ನೂರೆಂಟು ಪಟ್ಟಿ ಆಗುತ್ತದೆ. ಪಳಗಿದವರು ಮೊದಲು ಕೇಳುವುದು ಕನ್ಸೆಷನ್‌ಗಳ ಕಡತವನ್ನು. ಎಷ್ಟನೇ ಫ್ರೇಮಿನಲ್ಲಿ (ಒಡಲಿನ ಸುತ್ತುಬಳೆ), ಎಷ್ಟನೇ ಸ್ಟ್ರಿಂಗರ್ (ಉದ್ದಕ್ಕೆ ಹೋಗುವ ಪಟ್ಟಿ) ಬಳಿ ಯಾವ ತೂತು ಒಂದು ಮಟ್ಟ ದೊಡ್ಡದಾಯಿತು, ಎಲ್ಲಿ ಎಷ್ಟು ದಪ್ಪದ ಶಿಮ್ ಹೋಯಿತು, ಯಾರ ಸಹಿ ಎಂಬುದು ಅದರಲ್ಲಿರುತ್ತದೆ. ಹನ್ನೆರಡು ವರ್ಷದ ನಂತರ ದೊಡ್ಡ ತಪಾಸಣೆಗೆ ಒಳಮೈ ಬಿಚ್ಚಿದಾಗ, ಸಾಲಿನಲ್ಲಿ ಒಂದೇ ಒಂದು ಬೋಲ್ಟ್ ದಪ್ಪಗಿರುವುದು ಯಾಕೆ ಎಂದು ಮೆಕ್ಯಾನಿಕ್ ನಿಲ್ಲುತ್ತಾನೆ. ಕಡತದಲ್ಲಿ ಆ ಸಾಲು ಸಿಕ್ಕರೆ ಅದೇ ಅಳತೆಯ ಬೋಲ್ಟ್ ತರಿಸಿ ಕೆಲಸ ಮುಂದುವರಿಸುತ್ತಾನೆ, ಸಿಗದಿದ್ದರೆ ಕೆಲಸ ನಿಲ್ಲಿಸಿ ತೂಲೂಸ್‌ಗೆ ಬರೆಯಬೇಕು.